ಟೀಚರ ಮನೆ ಪುಸ್ತಕಗಳ ಅಂಚಿನಲ್ಲಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ತೀರಿಹೋದವರೊಬ್ಬರ ಕೈಬರಹವನ್ನು ನಕಲು ಮಾಡಿ, ಅವರು ಬರೆಯದೆ ಬಿಟ್ಟ ಜಾಗದಲ್ಲೆಲ್ಲ ಅವರ ಹಾಗೆಯೇ ಬರೆದಿಟ್ಟವನು ನಾನು. ಯಾರಿಗೂ ಕೇಡು ಬಯಸಿ ಮಾಡಿದ್ದಲ್ಲ. ಕೇಡು ಬಯಸಿ ಮಾಡುವಷ್ಟು ತಲೆ ಇದ್ದಿದ್ದರೆ ಇಷ್ಟು ಹೊತ್ತಿಗೆ ನಾನು ಏನಾದರೂ ಆಗಿರುತ್ತಿದ್ದೆ. ಚಟಕ್ಕೆ ಮಾಡಿದೆ. ಕೊನೆಗೆ ಒಬ್ಬ ಹಿರಿಯ ಹೆಂಗಸಿನ ಎದುರು ರಬ್ಬರ್ ಹಿಡಿದು ಕೂತೆ.

ನನ್ನ ಓದಿನ ಕ್ರಮ ಹೇಳದೆ ಇದು ಅರ್ಥವಾಗುವುದಿಲ್ಲ. ನನಗೆ ಬಾಯಿ ಮುಚ್ಚಿಕೊಂಡು ಓದಲು ಬರುವುದಿಲ್ಲ. ಪುಸ್ತಕದೊಳಗೆ ಯಾರು ಮಾತಾಡಿದರೂ ಅವರಿಗೆ ನಮ್ಮ ಕಡೆಯ ಯಾರದ್ದಾದರೂ ಸ್ವರ ಕೊಡಲೇಬೇಕು. ಜಮೀನ್ದಾರ ಬಂದರೆ ನನ್ನ ದೊಡ್ಡಮಾವನ ಸ್ವರ. ಮಾವನಿಗೆ ಇರುವುದು ಹತ್ತು ಸೆಂಟ್ಸ್ ಜಾಗ, ಗಂಟಲು ಮಾತ್ರ ನೂರು ಎಕರೆಯದ್ದು. ನಾಯಕಿ ಅತ್ತರೆ ನಮ್ಮ ಮನೆಗೆ ಮೀನು ತರುವ ಹೆಂಗಸಿನ ಸ್ವರ, ಯಾಕೆಂದರೆ ಅಷ್ಟು ಗಟ್ಟಿಯಾಗಿ ಅಳಬಲ್ಲವರು ಬೇರೆ ಯಾರೂ ನನಗೆ ಗೊತ್ತಿಲ್ಲ. ಸಂಸಾರ ಬಿಟ್ಟು ಹೊರಟ ಸನ್ಯಾಸಿ ಬಂದರೆ ಬಸ್ಸಿನ ಕಂಡಕ್ಟರನ ಸ್ವರ. "ಹ್ವಾಯ್, ಹಿಂದ್ ಹೋಯ್ನಿ, ಹಿಂದೆ ಜಾಗ ಇತ್ತ್!" ಎನ್ನುವುದಕ್ಕಿಂತ ವೈರಾಗ್ಯದ ಮಾತನ್ನು ನಾನು ಇವತ್ತಿನವರೆಗೂ ಎಲ್ಲಿಯೂ ಓದಿಲ್ಲ.

ಈ ಅಭ್ಯಾಸದಿಂದ ಒಮ್ಮೆ ಬೈಂದೂರಿನಲ್ಲಿ ಇಳಿಯಬೇಕಾದವನು ಶಿರೂರು ಮುಟ್ಟಿದ್ದೆ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಅಮ್ಮ ದಾರಿಯುದ್ದಕ್ಕೂ ನನ್ನನ್ನೇ ನೋಡುತ್ತಿದ್ದರು.

"ತಮಾ, ಯಾರೊಟ್ಟಿಗ್ ಮಾತಾಡ್ತಿದ್ದೆ?"

"ಪುಸ್ತಕದೊಟ್ಟಿಗೆ ಅಮ್ಮ."

"ಅದ್ ಎಂತ ಹೇಳ್ತ್?"

"ಬೈಂದೂರ್ ದಾಟಿತ್ ಅಂದೇಳಿ ಒಂದ್ ಹೇಳ್ಲಿಲ್ಲ ಕಾಣಿ."

ನನ್ನ ಪುಸ್ತಕ ಸಂಗ್ರಹದ ಬಗ್ಗೆ ಜಂಬ ಕೊಚ್ಚಿಕೊಳ್ಳುವ ಹಾಗೆ ಏನೂ ಇಲ್ಲ. ಕುಂದಾಪುರದ ನಮ್ಮ ಮನೆಯಲ್ಲಿ ಒಂದು ಗೋಡೆ ಕಪಾಟು. ಅದರ ಒಂದು ಬಾಗಿಲು ಮುಚ್ಚುವುದಿಲ್ಲ, ಇನ್ನೊಂದು ತೆಗೆಯಲಾಗುವುದಿಲ್ಲ. ಒಳಗಿರುವುದರಲ್ಲಿ ಅರ್ಧ ನನ್ನವು, ಅರ್ಧ ಬೇರೆಯವರು ಕೇಳಲು ಮರೆತವು. ಪುಟ ಗುರುತಿಗೆ ಬಸ್ ಟಿಕೇಟು, ಮದುವೆ ಕಾಗದದ ತುಂಡು, ಒಂದರಲ್ಲಿ ಒಣಗಿದ ಕರಿಬೇವಿನ ಎಲೆ ಕೂಡ ಇದೆ. ಊಟ ಮಾಡುತ್ತಾ ಓದಿದ್ದರ ಸಾಕ್ಷಿ. ಮಳೆಗಾಲ ಕಳೆದು ಬಿಸಿಲು ಬಂತು ಎಂದರೆ ಅಂಗಳದಲ್ಲಿ ಚಾಪೆ ಹಾಸಿ ಎಲ್ಲವನ್ನೂ ಒಣಹಾಕುತ್ತೇನೆ. ಪಕ್ಕದ ಚಾಪೆಯಲ್ಲಿ ಅಮ್ಮನ ಹಪ್ಪಳ. ಅಮ್ಮ ಪ್ರತಿ ವರ್ಷ ಎರಡೂ ಚಾಪೆ ನೋಡಿ ಅದೇ ಮಾತು ಹೇಳುತ್ತಾಳೆ: "ಹಪ್ಪಳ ಒಣ್ಗ್ಸಿರೆ ತಿಂಬುಕಾದ್ರೂ ಆತ್ತ್. ಇದ್ನ ಒಣ್ಗ್ಸಿ ಎಂತ ಮಾಡೂದ್ ಮಾರಾಯಾ?" ಕಾಗೆಗಳೂ ಅವಳ ಪಕ್ಷವೇ. ನನ್ನ ಚಾಪೆಯ ಕಡೆ ಒಂದು ದಿನವೂ ತಿರುಗಿ ನೋಡಿದ್ದಿಲ್ಲ.

ಆದರೆ ನನಗೆ ಓದುವ ರುಚಿ ಹತ್ತಿದ್ದು ಈ ಕಪಾಟಿನಿಂದಲ್ಲ. ಏಳನೆಯ ತರಗತಿಯವರೆಗೆ ನಾನು ಕೊಕ್ಕರ್ಣೆಯ ಅಜ್ಜಿಮನೆಯಲ್ಲಿದ್ದು ಓದಿದವನು. ಗದ್ದೆಯ ಆಚೆ ಬದಿಗೆ ನಮ್ಮ ಶಾಲೆಯ ಟೀಚರ ಮನೆ. ಅವರ ಮನೆಯವರು, ಎಂದರೆ ಗಂಡ, ಮುಂಬೈಯಲ್ಲಿ ಒಂದು ಹೋಟೆಲಿನ ಮ್ಯಾನೇಜರು. ವರ್ಷದಲ್ಲಿ ಒಂದು ತಿಂಗಳು, ಮೇ ತಿಂಗಳು, ಊರಿಗೆ ಬರುತ್ತಿದ್ದರು. ಮುಂಬೈಯಿಂದ ಬರುವವರ ಬ್ಯಾಗಿನಲ್ಲಿ ಬೇರೆಯವರ ಮನೆಗಾದರೆ ಸೆಂಟು, ಸಾಬೂನು, ಸೀರೆ. ಇವರ ಬ್ಯಾಗಿನಲ್ಲಿ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಕನ್ನಡ ಪುಸ್ತಕಗಳು. ಮುಖಪುಟ ಹೋದವು, ಬೆನ್ನು ಹರಿದವು. ಅವಕ್ಕೆಲ್ಲ ಹೋಟೆಲಿನ ಗೋಡೆಯ ಹಳೆ ಕ್ಯಾಲೆಂಡರಿನ ಹಾಳೆಯ ಹೊದಿಕೆ. ಹಾಗಾಗಿ ನಾನು ಓದಿದ ಎಷ್ಟೋ ಕಾದಂಬರಿಗಳ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಒಂದು 'ಮಾರ್ಚ್', ಒಂದು 'ಆಗಸ್ಟ್', ಒಂದು ಬಣ್ಣ ಹೋದ ಲಕ್ಷ್ಮಿ. ಟೀಚರ ಮನೆಯಲ್ಲಿ ಪುಸ್ತಕ ಕೇಳುವುದೂ ಹಾಗೆಯೇ: "ಟೀಚ್ರೇ, ಮಾರ್ಚ್ ಮುಗೀತ್. ಆಗಸ್ಟ್ ಕೊಡಿನಿ."

ಆ ಪುಸ್ತಕಗಳಲ್ಲಿ ನಾನು ಕಾದಂಬರಿಗಿಂತ ಹೆಚ್ಚು ಓದಿದ್ದು ಅಂಚನ್ನು. ಟೀಚರ ಗಂಡ ಇಡೀ ದಿನ ಹೋಟೆಲಿನ ಗಲ್ಲೆಯಲ್ಲಿ, ಹಣದ ಪೆಟ್ಟಿಗೆಯ ಎದುರು ಕೂತು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದುತ್ತಿದ್ದರಂತೆ. ಬಿಲ್ಲು ಬರೆಯುವ ಪೆನ್ಸಿಲ್ ಕಿವಿಯ ಮೇಲೆ ಇದ್ದೇ ಇರುತ್ತಿತ್ತು. ಕಥೆಗಾರ ನಾಲ್ಕು ಪುಟ ಸೂರ್ಯೋದಯ ವರ್ಣಿಸಿದರೆ ಅಂಚಿನಲ್ಲಿ, "ಚಟ್ನಿಯೇ ಬರುತ್ತಾ ಇದೆ, ದೋಸೆ ಎಲ್ಲಿ?" ನಾಯಕ ಭಾಷಣಕ್ಕೆ ನಿಂತರೆ, "ಇವನಿಗೊಂದು ಗ್ಲಾಸು ನೀರು ಕೊಡಿ." ಹಿಂದಿನ ಅಧ್ಯಾಯದ್ದನ್ನೇ ತಿರುಗಿಸಿ ಹೇಳಿದರೆ, "ನಿನ್ನೆಯ ಸಾಂಬಾರು, ಇವತ್ತಿನ ನೀರು." ಒಂದು ಪುಸ್ತಕದಲ್ಲಿ ತಾಯಿಯೊಬ್ಬಳು ಸಾಯುವ ಪುಟವಿತ್ತು. ಅಲ್ಲಿ ತಮಾಷೆ ಇಲ್ಲ. ಸಣ್ಣ ಅಕ್ಷರದಲ್ಲಿ, "ಗಲ್ಲೆ ಬಿಟ್ಟು ಸ್ವಲ್ಪ ಹೊತ್ತು ಎದ್ದು ಹೋದೆ." ಅದನ್ನು ಓದಿದಾಗ ನನಗೆ ಹನ್ನೊಂದು ವರ್ಷ ಇರಬೇಕು. ಓದುವವನು ಪುಸ್ತಕಕ್ಕೆ ಎದುರು ಮಾತಾಡಬಹುದು, ಹಾಗೆಯೇ ಪುಸ್ತಕದ ಎದುರಿನಿಂದ ಎದ್ದು ಹೋಗಲೂಬಹುದು ಎಂದು ಗೊತ್ತಾದದ್ದು ಆವತ್ತು.

ನಾನು ಅವರ ನಕಲು ಮಾಡುತ್ತಿದ್ದೆ ಎಂದು ಬೇರೆ ಹೇಳಬೇಕಾಗಿಲ್ಲ. ಟೀಚರ ಜಗಲಿಯಲ್ಲೇ, ಮಣೆಯೊಂದನ್ನು ಗಲ್ಲೆ ಮಾಡಿಕೊಂಡು, ಕಿವಿಗೆ ಪೆನ್ಸಿಲ್ ಸಿಕ್ಕಿಸಿ, "ಒಂದ್ ಮಸಾಲೆ, ಎರ್ಡ್ ಚಾಯ್, ಮೂರನೇ ಟೇಬಲ್ ಒರ್ಸಾ!" ಎಂದು ಕೂಗುತ್ತಿದ್ದಾಗ, ರಜೆಯಲ್ಲಿ ಊರಿನಲ್ಲಿದ್ದ ಅವರೇ ಹಿಂದಿನಿಂದ ಬಂದು ನಿಂತರು. ನಾನು ಓಡಲು ತಯಾರಾದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ್ದು ಇಷ್ಟೇ: "ಸ್ವರ ಬಂದಿತ್ತ್ ಮಾಣಿ, ಹೊಟ್ಟೆ ಇನ್ನೂ ಬರ್ಲಿಲ್ಲ."

ಅಷ್ಟು ಮಾತುಗಾರರಾದವರು ಹೆಂಡತಿಗೆ ಬರೆಯುವ ಕಾಗದ ಮಾತ್ರ ಎರಡು ಸಾಲಿನದ್ದು. ಕ್ಷೇಮ, ಊಟ ಸರಿಯಾಗಿ ಮಾಡುತ್ತಿದ್ದೇನೆ. ಟೀಚರು ಅದನ್ನು ನಗಾಡಿಕೊಂಡೇ ಹೇಳುತ್ತಿದ್ದರು. "ನಂಗ್ ಕಾಗ್ದ ಬರೂಕೆ ಅವ್ರಿಗ್ ಪುರ್ಸೊತ್ತಿಲ್ಲ. ಪುಸ್ತಕಕ್ ಬರೂಕ್ ಇತ್ತ್." ಮೇ ಕಳೆದು ಅವರು ಬಸ್ಸು ಹತ್ತಿದ ಮೇಲೆ ಟೀಚರು ಆ ವರ್ಷದ ಪುಸ್ತಕಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರು. ಶಾಲೆಯಿಂದ ಬಂದು, ಕಾಲು ತೊಳೆದು, ಜಗಲಿಯ ಕಂಬಕ್ಕೆ ಒರಗಿ, ಗಂಡ ಹಿಂದಿನ ವರ್ಷವಿಡೀ ಏನು ಯೋಚಿಸುತ್ತಿದ್ದರು ಎಂದು ಅಂಚಿನಲ್ಲಿ ಓದುತ್ತಿದ್ದರು. ಒಬ್ಬರೇ ನಗುವುದು ನಮ್ಮ ಅಜ್ಜಿಮನೆಯ ಅಂಗಳಕ್ಕೆ ಕೇಳುತ್ತಿತ್ತು. "ಟೀಚರ ಗಂಡ ಬಂದ್ರಾ?" ಎಂದು ನಾನು ಕೇಳಿದರೆ ಅಜ್ಜಿ, "ಇಲ್ಲ, ಪುಸ್ತಕ ತೆಗ್ದಿರ್ ಕಾಂತ್" ಎನ್ನುತ್ತಿದ್ದಳು.

ಆಮೇಲೆ ನಾವು ಕುಂದಾಪುರಕ್ಕೆ ಬಂದೆವು. ನಾನು ಡಿಟಿಪಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಮದುವೆ ಕಾಗದ, ಗೃಹಪ್ರವೇಶದ ಕಾಗದ ಹೊಡೆಯುವುದು. ರಜಾದಿನಗಳಲ್ಲಿ ಮದುವೆ ಮನೆಗಳ ಸ್ಟೇಜಿನಲ್ಲಿ ಮಿಮಿಕ್ರಿ. ಟೀಚರ ಪುಸ್ತಕಗಳು ಮಾತ್ರ ನಿಲ್ಲಲಿಲ್ಲ. ನಮ್ಮ ಕಡೆ ಮದ್ದು, ಮಲ್ಲಿಗೆ, ಮರೆತುಹೋದ ಕನ್ನಡಕ ಎಲ್ಲವೂ ಬಸ್ಸಿನಲ್ಲಿ ತಾವೇ ಪ್ರಯಾಣ ಮಾಡುತ್ತವೆ. ಪುಸ್ತಕಗಳೂ ಮಾಡಿದವು. ಟೀಚರು ಬಟ್ಟೆ ಚೀಲದಲ್ಲಿ ಹಾಕಿ ಕೊಕ್ಕರ್ಣೆಯಲ್ಲಿ ಬಸ್ಸಿಗೆ ಕೊಟ್ಟರೆ, ಬ್ರಹ್ಮಾವರದ ಬಸ್‌ಸ್ಟ್ಯಾಂಡಿನ ಹಣ್ಣಿನ ಅಂಗಡಿಯಲ್ಲಿ ಒಂದರ್ಧ ಗಂಟೆ ಕೂತು, ಬಸ್ಸು ಬದಲಿಸಿ ಕುಂದಾಪುರಕ್ಕೆ. ಕೆಲವು ಪುಸ್ತಕ ಬಾಳೆಹಣ್ಣಿನ ವಾಸನೆ ಹೊತ್ತು ಬರುತ್ತಿದ್ದವು. ಕಂಡಕ್ಟರ್ ಚೀಲ ಎತ್ತಿ ತೂಗಿ ನೋಡುತ್ತಿದ್ದ. "ಇವತ್ತಿಂದ್ ದಪ್ಪ ಇತ್ತಲೆ! ಮುಗ್ಸುಕೆ ಎರ್ಡ್ ವಾರ ಬೇಕಾ?"

ಈಗ ಯಾರಾದರೂ, "ಅದೆಲ್ಲ ಯಾಕೆ, ಮೊಬೈಲಿನಲ್ಲಿ ಪಿಡಿಎಫ್ ಕಳಿಸ್ತೇನೆ" ಎಂದರೆ ನನಗೆ ಆ ಬಾಳೆಹಣ್ಣಿನ ವಾಸನೆಯೇ ನೆನಪಾಗುವುದು.

ಟೀಚರ ಮನೆಯವರು ಕೊನೆಗೂ ಹೋಟೆಲು ಬಿಟ್ಟು ಊರಿಗೆ ಬಂದರು. ಬಂದು ಬಹಳ ಕಾಲ ಇರಲಿಲ್ಲ. ಒಂದು ಮಧ್ಯಾಹ್ನ ಊಟ ಮಾಡಿ, ಪುಸ್ತಕ ಹಿಡಿದುಕೊಂಡು ಜಗಲಿಯ ಆರಾಮ ಕುರ್ಚಿಯಲ್ಲಿ ಕೂತವರು ಎದ್ದಿಲ್ಲ. ಪುಸ್ತಕದ ನಡುವೆ ಪೆನ್ಸಿಲ್ ಇತ್ತು, ಸರಿಯಾಗಿ ಅರ್ಧದಲ್ಲಿ. ಟೀಚರು ಆ ಪುಸ್ತಕವನ್ನು ಹಾಗೆಯೇ ಮುಚ್ಚಿ ಕಪಾಟಿನಲ್ಲಿ ಇಟ್ಟುಬಿಟ್ಟರು. ಸುಮಾರು ಒಂದೂವರೆ ವರ್ಷದ ನಂತರ, ನಾನು ಪುಸ್ತಕ ಕೇಳಿ ಫೋನ್ ಮಾಡಿದಾಗ ಅದು ನನ್ನ ಪಾಲಿಗೆ ಬಂತು. "ಬೇರೆ ಎಲ್ಲ ನೀ ಓದಿ ಆಯ್ತಲೆ. ಇದ್ನ್ ತಕೋ. ನಂಗ್ ಬಿಡ್ಸುಕ್ ಮನ್ಸ್ ಬತ್ತಿಲ್ಲ. ಅರ್ಧಕ್ ಬಿಟ್ ಹೋಯಿರ್."

ಬಸ್ಸಿನಿಂದ ಚೀಲ ಇಳಿಸಿಕೊಂಡೆ. ನವೆಂಬರ್ ಹೊದಿಕೆ. ಪೆನ್ಸಿಲ್ ಕೂಡ ಒಳಗೇ ಇತ್ತು. ಮೊದಲರ್ಧವನ್ನು ನಾವಿಬ್ಬರೂ ಸೇರಿ ಓದಿದೆವು ಎಂದೇ ಹೇಳಬೇಕು. ಅವರು ಅಂಚಿನಲ್ಲಿ ಬೈದಲ್ಲಿ ನಾನು ನಗಾಡಿದೆ. ಪೆನ್ಸಿಲ್ ಇದ್ದ ಪುಟ ದಾಟಿದೆ. ಅಂಚು ಖಾಲಿ. ಮುಂದಿನದ್ದೂ ಖಾಲಿ. ಹೋಟೆಲಿನಲ್ಲಿ ಎದುರು ಕೂತವರು ಕೈ ತೊಳೆಯಲು ಹೋಗಿ ವಾಪಸು ಬರದಿದ್ದರೆ ಹೇಗೋ ಹಾಗಾಯಿತು. ಕಥೆ ಹೋಗುತ್ತಲೇ ಇದೆ, ಹೇಳಿಕೊಳ್ಳಲು ಜನವಿಲ್ಲ. ನನ್ನ ಕಿವಿಗೆ ಮಾತ್ರ ಅವರು ಏನು ಹೇಳುತ್ತಿದ್ದರು ಎನ್ನುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಕೈಯಲ್ಲಿ ಅವರದೇ ಪೆನ್ಸಿಲ್. ಒಂದು ಕಡೆ ಬರೆದೆ: "ಈ ಕಾಫಿಗೆ ಹಾಲು ಹಾಕಿಯೇ ಇಲ್ಲ." ಅವರ ಅಕ್ಷರ ಸುಲಭ, 'ಳ'ದ ಬಾಲ ಸ್ವಲ್ಪ ಉದ್ದ, ಒತ್ತಕ್ಷರ ಮೇಲಿನ ಅಕ್ಷರಕ್ಕೆ ಒರಗಿ ನಿಂತದ್ದು. ಬರೆದು ನೋಡಿದರೆ ಅವರೇ ಬರೆದ ಹಾಗಿತ್ತು. ಮತ್ತೆ ನಿಲ್ಲಿಸಲಿಲ್ಲ. ಪುಸ್ತಕ ಮುಗಿಯುವವರೆಗೆ ಎಲ್ಲೆಲ್ಲಿ ಅವರ ಸ್ವರ ಕೇಳಿತೋ ಅಲ್ಲೆಲ್ಲ ಬರೆದೆ. ಕಳಿಸುವ ಮೊದಲು ಅಳಿಸಬೇಕು ಎಂದುಕೊಂಡೇ ಬರೆದದ್ದು. ಬಸ್ಸು ಬಂತು, ಹಾರ್ನ್ ಹೊಡೆಯಿತು, ಚೀಲ ಕೊಟ್ಟೆ. ರಬ್ಬರ್ ಎಂಬ ವಸ್ತು ಲೋಕದಲ್ಲಿ ಇದೆ ಎಂದೇ ನೆನಪಾಗಲಿಲ್ಲ.

ಮೂರು ತಿಂಗಳು ಸುದ್ದಿಯಿಲ್ಲ. ಆಮೇಲೆ ಒಂದು ದಿನ ಟೀಚರ ಫೋನು. ದನಿಯೇ ಬೇರೆಯಾಗಿತ್ತು, ಮೇ ತಿಂಗಳಿನ ದನಿ.

"ಹ್ವಾಯ್ ಮಾಣಿ, ಒಂದ್ ವಿಷ್ಯ ಗೊತ್ತಿತ್ತಾ? ಅವ್ರ್ ಅರ್ಧಕ್ ಬಿಟ್ ಹೋದ್ದಲ್ಲ! ಪೂರ್ತಿ ಓದಿದಿರ್! ಮೊನ್ನೆ ಮನ್ಸ್ ಗಟ್ಟಿ ಮಾಡ್ಕಂಡ್ ಬಿಡ್ಸಿರೆ, ಕೊನಿವರಿಗೂ ಬರ್ದಿರ್. ಎರ್ಡನೇ ಸಲ ಓದ್ತಾ ಇದ್ದಿರ್ ಕಾಂತ್ ಆವತ್ತ್. ನಾನೊಬ್ಳ್, ಎರ್ಡ್ ವರ್ಷ ಸುಮ್ನೆ ಕಣ್ಣೀರ್ ಹಾಕಿ ಮರ್ಕಿದೆ."

ನಾನು ಇಡೀ ಊರಿನ ಸ್ವರ ತೆಗೆಯಬಲ್ಲವನು. ಆ ಹೊತ್ತಿಗೆ ನನ್ನ ಸ್ವಂತ ಸ್ವರ ಹೊರಡಲಿಲ್ಲ. "ಹೌದಾ ಟೀಚ್ರೇ" ಎಂದೆ, ಅಷ್ಟೇ.

ಮರುದಿನದ ಬಸ್ಸಿನಲ್ಲಿ ಒಂದು ನೋಟ್‌ಬುಕ್ ಬಂತು. ಅವರ ಎರಡನೆಯ ವರ್ಷದ ತಿಥಿಯ ದಿನ ಊಟಕ್ಕೆ ಬಂದ ನೆಂಟರ ಕೈಗೆ ಒಂದು ಸಣ್ಣ ಪುಸ್ತಿಕೆ ಕೊಡಬೇಕಂತೆ. ಅದರಲ್ಲಿ ಅವರ ಅಂಚಿನ ಮಾತುಗಳಲ್ಲಿ ನಲವತ್ತು, ಟೀಚರೇ ಆರಿಸಿ, ಬೋರ್ಡಿನ ಮೇಲೆ ಬರೆದ ಹಾಗೆ ಗುಂಡಗೆ ಬರೆದು ಕಳಿಸಿದ್ದಾರೆ. ನಾನು ಟೈಪ್ ಮಾಡಬೇಕು.

ಟೈಪ್ ಮಾಡುತ್ತಾ ಎಣಿಸಿದೆ. ನಲವತ್ತರಲ್ಲಿ ಹನ್ನೊಂದು ನನ್ನದು. ನಾಚಿಕೆಯಾಯಿತು ಎಂದು ಬರೆಯಬೇಕು, ಆದದ್ದೂ ಹೌದು. ಆದರೆ ಅದಕ್ಕಿಂತ ಒಂದು ಕ್ಷಣ ಮೊದಲು ಖುಷಿಯಾಯಿತು. ಹನ್ನೊಂದು! ಟೀಚರು ಇಡೀ ಶಾಲಾ ಜೀವನದಲ್ಲಿ ನನ್ನ ಪ್ರಬಂಧಕ್ಕೆ ಹತ್ತರಲ್ಲಿ ನಾಲ್ಕಕ್ಕಿಂತ ಹೆಚ್ಚು ಅಂಕ ಕೊಟ್ಟವರಲ್ಲ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಟೀಚರು ನೆಮ್ಮದಿಯಿಂದ ಇರುತ್ತಿದ್ದರು. ಹೇಳಿದರೆ, ಅವರ ಗಂಡ ಮತ್ತೆ ಆ ಕುರ್ಚಿಯಲ್ಲಿ, ಅರ್ಧ ಪುಸ್ತಕದಲ್ಲಿ. ಎರಡು ದಿನ ಅದನ್ನೇ ಲೆಕ್ಕ ಹಾಕಿದೆ. ಮೂರನೆಯ ದಿನ ಅಮ್ಮನ ಹತ್ತಿರ, ಬೇರೆ ಯಾರದೋ ವಿಷಯ ಎನ್ನುವ ಹಾಗೆ ಕೇಳಿದೆ. "ಅಮಾ, ಒಬ್ಬ ಇನ್ನೊಬ್ರ್ ಪುಸ್ತಕದಗೆ..." ಅಮ್ಮ ಪೂರ್ತಿ ಕೇಳಲೇ ಇಲ್ಲ. "ಯಾರ್ ಪುಸ್ತಕ ಹಾಳ್ ಮಾಡ್ದೆ? ಹೋಯ್ ಹೇಳ್ ಬಾ ಮೊದ್ಲ್."

ಭಾನುವಾರ ಬೆಳಿಗ್ಗೆ ಹೊರಟೆ. ಕಂಡಕ್ಟರ್ ನನ್ನನ್ನು, ನನ್ನ ಕೈಯಲ್ಲಿದ್ದ ಚೀಲವನ್ನು ನೋಡಿದ. "ಎಂತ, ಇವತ್ತ್ ಪುಸ್ತಕದೊಟ್ಟಿಗೆ ನೀನೂ ಪಾರ್ಸೆಲ್ಲಾ?" ದಾರಿಯುದ್ದಕ್ಕೂ ಏನು ಹೇಳಬೇಕೆಂದು ಅಭ್ಯಾಸ ಮಾಡಿದೆ. ಎಲ್ಲವೂ ಬೇರೆ ಯಾರದೋ ಸ್ವರದಲ್ಲೇ ಬರುತ್ತಿತ್ತು. ದೊಡ್ಡಮಾವನ ಸ್ವರದಲ್ಲಿ ತಪ್ಪೊಪ್ಪಿಕೊಂಡರೆ ಜಪ್ತಿ ಮಾಡಲು ಬಂದ ಹಾಗಾಗುತ್ತದೆ. ಮೀನಿನ ಹೆಂಗಸಿನ ಸ್ವರದಲ್ಲಾದರೆ ನೆರೆಕರೆ ಸೇರುತ್ತದೆ.

ಟೀಚರು ಜಗಲಿಯಲ್ಲಿ ಕೂತು ಗೆರಸೆಯಲ್ಲಿ ಅಕ್ಕಿ ಕೇರುತ್ತಿದ್ದರು. "ಬಾ, ಕೂಕೋ. ಪುಸ್ತಕ ಆಯ್ತಾ?" ಎಂದರು. ನಾನು ನಿಂತುಕೊಂಡೇ, ಒಂದೇ ಉಸಿರಿಗೆ, ಎಲ್ಲ ಹೇಳಿದೆ. ಪೆನ್ಸಿಲ್ ಇದ್ದ ಪುಟದಿಂದ ಆಚೆಗೆ ಬರೆದದ್ದು ಅವರಲ್ಲ, ನಾನು.

ಗೆರಸೆ ನಿಂತಿತು. ಅಂಗಳದಲ್ಲಿ ಕೋಳಿಯೊಂದು ಬಂದು ಬಿದ್ದ ಅಕ್ಕಿ ಹೆಕ್ಕಿತು. ಟೀಚರು ಅದನ್ನು ಓಡಿಸಲಿಲ್ಲ. ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ನಾನು ಹೊರಟು ಹೋಗಬೇಕೋ ನಿಲ್ಲಬೇಕೋ ಎಂದು ಮೆಟ್ಟಿಲ ಮೇಲೆ ಒಂದು ಕಾಲು, ಕೆಳಗೆ ಒಂದು ಕಾಲು ಇಟ್ಟು ನಿಂತಿದ್ದೆ. ಬಂದಾಗ ಅವರು ಮುಖ ತೊಳೆದುಕೊಂಡಿದ್ದರು. ಒಂದು ಕೈಯಲ್ಲಿ ನವೆಂಬರ್ ಪುಸ್ತಕ, ಇನ್ನೊಂದರಲ್ಲಿ ಶಾಲೆಯ ಕಾಲದ ರಬ್ಬರ್.

"ಯಾವ್ದ್ಯಾವ್ದ್ ನಿಂದ್, ತೋರ್ಸ್. ಅಳ್ಸ್."

ಅಳಿಸಲು ಕೂತೆ. ಒಂದೊಂದನ್ನೂ ಅವರು ಗಟ್ಟಿಯಾಗಿ ಓದುವುದು, ನಾನು "ನಂದ್" ಎನ್ನುವುದು, ಉಜ್ಜುವುದು. ಹಾಜರಿ ಕರೆದ ಹಾಗೆ. ನಾಲ್ಕೈದು ಆಗುವಷ್ಟರಲ್ಲಿ ಒಂದು ಕಡೆ ಅವರು ಓದುತ್ತಾ ಓದುತ್ತಾ ನಕ್ಕುಬಿಟ್ಟರು, ಕೂಡಲೇ ನಿಲ್ಲಿಸಿದರು. ನನಗೆ ಅಷ್ಟು ಸಾಕಾಯಿತು, ಬಾಯಿ ತುರಿಸಿತು.

"ಟೀಚ್ರೇ, ನೀವ್ ಆರ್ಸಿದ ನಲ್ವತ್ರಗೆ ಹನ್ನೊಂದ್ ನಂದ್. ಅಂದ್ರೆ ನಿಮ್ಗೆ ಖುಷಿ ಆಯ್ತಲ್ದಾ?"

"ಖುಷಿ ಆದ್ದ್ ಅವ್ರ್ ಹೇಳಿರ್ ಅಂದ್ಕಂಡ್. ನೀ ಹೇಳಿರೆ ಅದ್ರಗ್ ಎಂತ ಇತ್ತ್? ನೀ ದಿನಾ ಹೇಳ್ತೆ."

ನಾನು ಮತ್ತೆ ಉಜ್ಜಲು ಶುರುಮಾಡಿದೆ. ಬರೆಯುವವನಿಗೆ ಸಿಗುವ ವಿಮರ್ಶೆಗಳಲ್ಲಿ ಇದಕ್ಕಿಂತ ಖಡಕ್ ಆದದ್ದನ್ನು ನಾನು ಇನ್ನೂ ಕಂಡಿಲ್ಲ. ಮಡಿಲ ಮೇಲೆ ರಬ್ಬರಿನ ಕಪ್ಪು ಪುಡಿ ಬೀಳುತ್ತಾ ಹೋಯಿತು. ಖಾಲಿಯಾದ ಅಂಚನ್ನು ಟೀಚರು ಬೆರಳಿನಿಂದ ಒಮ್ಮೆ ಸವರಿ ಪುಟ ಮಗುಚುತ್ತಿದ್ದರು. ಇಪ್ಪತ್ತಾರು ಕಡೆ ಅಳಿಸಿದೆ. ಪುಸ್ತಕ ಮತ್ತೆ ಅರ್ಧಕ್ಕೆ ಬಂದು ನಿಂತಿತು.

ಮುಚ್ಚಬೇಕು ಎನ್ನುವಾಗ ಕ್ಯಾಲೆಂಡರ್ ಹೊದಿಕೆಯ ಒಳಮಡಿಕೆ ಸರಿಯಿತು. ಅದರ ಅಡಿಗೆ ಮುಚ್ಚಿಹೋಗಿದ್ದದ್ದು ಕೊನೆಯ ಪುಟದ ಕೆಳಭಾಗ. ಕಥೆ ಮುಗಿದ ಕೆಳಗೆ, ಪೆನ್ಸಿಲಿನಲ್ಲಿ, ಒಂದು ಸಾಲು:

"ಸಾಕು, ಹೊಟ್ಟೆ ತುಂಬಿತು."

ಟೀಚರು ಇದನ್ನು ನೋಡಿರಲಿಲ್ಲ. ಓದಿ ನನ್ನ ಮುಖ ನೋಡಿದರು.

ನನಗೆ ಗೊತ್ತಾಗಲಿಲ್ಲ. ಸುಳ್ಳಲ್ಲ, ನಿಜವಾಗಿ ಗೊತ್ತಾಗಲಿಲ್ಲ. ಬರೆದ ನೆನಪು ಇದ್ದ ಹಾಗೂ ಇದೆ, ಓದಿದ ನೆನಪು ಇದ್ದ ಹಾಗೂ ಇದೆ. ಒತ್ತಕ್ಷರ ಒರಗಿ ನಿಂತಿದೆ, ಆದರೆ ನಾನು ಬರೆದವೂ ಹಾಗೆಯೇ ಒರಗಿದ್ದವು. ಪೆನ್ಸಿಲ್ ಒಂದೇ. ಪುಟವನ್ನು ಬೆಳಕಿಗೆ ಹಿಡಿದೆ, ಓರೆ ಮಾಡಿದೆ, ಮೂಸಿಯೂ ನೋಡಿದೆ.

"ಅವ್ರ್ ಕೊನಿ ಪುಟ ಮೊದ್ಲೇ ಓದೂ ಕ್ರಮ ಇತ್ತಾ ಟೀಚ್ರೇ?"

"ಕೊನಿ ಪುಟ ಕಾಣ್ದೆ ಪುಸ್ತಕ ಸುರು ಮಾಡ್ತಿರ್ಲಿಲ್ಲ. ಊಟಕ್ ಕೂಕಂಬು ಮೊದ್ಲ್ ಪಾಯ್ಸ ಇತ್ತಾ ಕೇಳು ಜನ."

"ಆದ್ರೂ ಇದ್ ನಂದೂ ಆಗಿರೂಕ್ ಸಾಕ್. ನಂಗೇ ನಂಬ್ಕಿ ಇಲ್ಲ. ಅಳ್ಸೂದೇ ಒಳ್ಳೇದ್." ಜೀವಮಾನದಲ್ಲಿ ಒಂದು ಸಲವಾದರೂ ಪ್ರಾಮಾಣಿಕನಾಗೋಣ ಎಂದು ರಬ್ಬರನ್ನು ಆ ಸಾಲಿನ ಹತ್ತಿರ ತಂದೆ.

ಟೀಚರು ನನ್ನ ಮಣಿಕಟ್ಟು ಹಿಡಿದರು. "ಕೈ ತೆಗಿ. ಅದ್ ಅವ್ರ್ದ್."

"ಇಷ್ಟ್ರಗೆ ಒಂದೂ ನಿಮ್ಗ್ ಗೊತ್ತಾಯ್ಲಿಲ್ಲ, ಇದೊಂದ್ ಹ್ಯಾಂಗ್ ಗೊತ್ತಾಯ್ತ್?"

ಅವರು ನನ್ನ ಕೈಯಿಂದ ರಬ್ಬರ್ ಕಿತ್ತುಕೊಂಡು, ಪುಸ್ತಕ ಮುಚ್ಚಿ, ಮಡಿಲಲ್ಲಿಟ್ಟು ಹೇಳಿದರು:

"ಹ್ವಾಯ್ ಮಾಣಿ, ಅವ್ರನ್ ಮದ್ವಿ ಆದ್ದ್ ನಾನಾ, ನೀನಾ?"